ರಟ್ಟರಿಗೆ ಬೋಗಿ ಇಲ್ಲ

ಕದಂಬ, ಗಂಗ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ಶಾತವಾಹನ, ಸಂಗಮ, ವಿಜಯನಗರ, ಬಹಮನಿ, ಆದಿಲ್‌ಶಾಹಿ, ಯದುಕುಲ. ಗೋಲ್ಡನ್ ಚಾರಿಯಟ್ ರೈಲಿನ ಮಲಗುವ ಬೋಗಿಗಳಿಗೆ ಇಟ್ಟ ಹೆಸರುಗಳಿವು. ಒಟ್ಟು ಹನ್ನೊಂದು. ಸಂಗಮರು ವಿಜಯನಗರವನ್ನು ಕಟ್ಟಿದ ಮನೆತನವೇ ಆದ್ದರಿಂದ ಹಂಪಿಯವರಿಗೆ ಎರಡು ಬೋಗಿ ದಕ್ಕಿದಂತಾಯಿತು. ಬೆಂಗಳೂರಿನಲ್ಲಿ ಕೂತು ಓದಿದರೆ ಪಟ್ಟಿಯಲ್ಲಿ ಏನೂ ಕೊರತೆ ಕಾಣುವುದಿಲ್ಲ. ಮೂಡಲಗಿ ತಾಲೂಕಿನ ಕಲ್ಲೋಳಿಯಲ್ಲಿ ಕೂತು ಓದುವವನಿಗೆ ಮಾತ್ರ, ಮದುವೆ ಕಾರ್ಡಿನಲ್ಲಿ ತನ್ನ ಮನೆಯವರ ಹೆಸರು ಹುಡುಕುವವನ ಹಾಗೆ, ಕಣ್ಣು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೋಗಿ ಬರುತ್ತದೆ.

ಶನಿವಾರ ಬಂತೆಂದರೆ ಹನುಮಪ್ಪನ ದರ್ಶನಕ್ಕೆ ಸುತ್ತಮುತ್ತಲ ಜನ ನೆರೆಯುವ ಊರು ಎಂದೇ ಕಲ್ಲೋಳಿ ಈಗ ಹೆಸರುವಾಸಿ. ಇತಿಹಾಸ ಓದಿದವರಿಗೆ ಅದರ ಗುರುತು ಬೇರೆ: 1204ರ ಶಾಸನ. ಸವದತ್ತಿಯ ರಟ್ಟರ ನಾಲ್ಕನೆಯ ಕಾರ್ತವೀರ್ಯ ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ, ಕೂಂಡಿ ಮೂರುಸಾವಿರ ನಾಡನ್ನು ಆಳುತ್ತಿದ್ದ ಕಾಲ ಅದು. ಇಲ್ಲಿ ಶಾಂತಿನಾಥನ ಬಸದಿ ಎದ್ದು ಅದಕ್ಕೆ ದತ್ತಿ ಬಿಟ್ಟ ಸಂಗತಿ ಆ ಕಲ್ಲಿನಲ್ಲಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಶಾಸನತಜ್ಞ ಜೆ.ಎಫ್. ಫ್ಲೀಟ್ ರಟ್ಟರ ಶಾಸನಗಳನ್ನು ಪ್ರಕಟಿಸಿದಾಗ ಇದೂ ಅಚ್ಚಾಯಿತು. ಸುಮಾರು ಎರಡೂವರೆ ಶತಮಾನ ಈ ಭಾಗವನ್ನು ಆಳಿದ ರಟ್ಟರಿಗೆ ಆ ರೈಲಿನಲ್ಲಿ ಬೋಗಿ ಇಲ್ಲ. ಕೆಳದಿಯವರಿಗಿಲ್ಲ, ಕಿತ್ತೂರಿಗೂ ಇಲ್ಲ. ರಟ್ಟರು ತಮ್ಮನ್ನು ರಾಷ್ಟ್ರಕೂಟರ ವಂಶದವರೆಂದೇ ಹೇಳಿಕೊಂಡು, ಲಟ್ಟಲೂರು ಪುರವರಾಧೀಶ್ವರರೆಂದು ಬಿರುದು ಹೊತ್ತವರು. ಬೇಕಾದರೆ ರಾಷ್ಟ್ರಕೂಟ ಬೋಗಿಯಲ್ಲಿ ಬೀಗರೆಂದು ಹೇಳಿ ಒಂದು ಮೂಲೆ ಹಿಡಿಯಬಹುದಿತ್ತೇನೋ.

ಅರಸರ ಹೆಸರಿನಲ್ಲಿ ಹಾಸಿಗೆ ಹಾಸಿ, ರಾತ್ರಿ ಕಳೆಯುವುದಕ್ಕೆ ದೊಡ್ಡ ಮೊತ್ತ ಪಡೆಯುವ ವ್ಯವಹಾರ ಇಂದು ಜಗತ್ತಿನ ಹಲವು ಕಡೆ ಇದೆ. ಕೆಲವೆಡೆ ಅದು ಹಳಿಯ ಮೇಲೆ ಓಡುತ್ತದೆ, ಕೆಲವೆಡೆ ನೀರಿನ ಮೇಲೆ ತೇಲುತ್ತದೆ. ಇಂಥಲ್ಲಿ ಯಾವ ಅರಸ ಒಳಗೆ ಬರುತ್ತಾನೆ, ಯಾವನು ಹೊರಗುಳಿಯುತ್ತಾನೆ, ಬಂದವನ ಅರಮನೆಯಿಂದ ನಿಜಕ್ಕೂ ಏನು ಬರುತ್ತದೆ ಎಂಬುದನ್ನು ನೋಡುತ್ತ ಹೋದರೆ, ಜಾಹೀರಾತಿನ 'ರಾಜವೈಭವ' ಎಂಬ ಮಾತಿನ ಒಳಗಿರುವ ಮರಗೆಲಸ ಕಾಣತೊಡಗುತ್ತದೆ.

ಮೊದಲು ರೈಲು. 2008ರ ಜನವರಿ 23ರಂದು ಯಶವಂತಪುರದಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಇದಕ್ಕೆ ಚಾಲನೆ ಕೊಟ್ಟರು. ಮಾರ್ಚ್ 10ರಿಂದ ಪ್ರವಾಸಿಗರನ್ನು ಹೊತ್ತು ಹೊರಟಿತು. ಹೆಸರು ಹಂಪಿಯ ಕಲ್ಲಿನ ರಥದ ನೆನಪಿಗೆ. ಲಾಂಛನ ಆನೆಯ ತಲೆ, ಸಿಂಹದ ಮೈಯ ಗಜಕೇಸರಿ. ಬಣ್ಣ ನೇರಳೆ ಮತ್ತು ಹೊನ್ನು. ಒಳಗಿನ ವಿನ್ಯಾಸ ಬೆಂಗಳೂರಿನ ವಾಸ್ತುಶಿಲ್ಪಿ ಕುಸುಮ್ ಪೆಂಡ್ಸೆ ಅವರದು. ಊಟದ ಬೋಗಿಗಳಿಗೆ ನಳ, ರುಚಿ ಎಂಬ ಹೆಸರು, ಬಾರಿಗೆ ಮದಿರಾ, ಮಸಾಜು-ಸ್ಪಾಗೆ ಆರೋಗ್ಯ. ಆರಂಭದಲ್ಲಿ ಮಲಗುವ ಬೋಗಿಗೆ ನಾಲ್ಕರಂತೆ 44 ಕ್ಯಾಬಿನ್ ಇದ್ದವು. ರಾಜ್ಯ ಪ್ರವಾಸೋದ್ಯಮ ನಿಗಮದ ಕೈಯಲ್ಲಿದ್ದಾಗ ರೈಲ್ವೆಗೆ ಕಟ್ಟಬೇಕಾದ ಎಳೆಯುವ ಬಾಡಿಗೆಯ ಭಾರದಿಂದ ಏಗಿ, ನಡುವೆ ನಿಂತು, 2019ರ ಒಪ್ಪಂದದಲ್ಲಿ ಐಆರ್‌ಸಿಟಿಸಿಗೆ ಹಸ್ತಾಂತರವಾಯಿತು. ಕೊರೊನಾ ಮತ್ತೆ ನಿಲ್ಲಿಸಿತು. 2024ರ ಡಿಸೆಂಬರ್ 14ರಂದು ಹೊಸ ಸಜ್ಜಿನೊಂದಿಗೆ ಪುನಃ ಹೊರಟಾಗ 40 ಕ್ಯಾಬಿನ್, 80 ಪ್ರಯಾಣಿಕರ ಲೆಕ್ಕ. ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವಾ ಸುತ್ತಿಸುವ ಐದು ರಾತ್ರಿಗೆ ಆಗ ತಲೆಗೆ ಸುಮಾರು 4 ಲಕ್ಷ ರೂಪಾಯಿ, ಮೇಲೆ ಜಿಎಸ್‌ಟಿ.

ಈ ದುಡ್ಡಿನಲ್ಲಿ ಕೆತ್ತನೆ, ಝೂಲು, ಪರದೆಗಳಿಗಿಂತ ದೊಡ್ಡ ಪಾಲು ಹೋಗುವುದು ಖಾಲಿ ಜಾಗಕ್ಕೆ. ನಮ್ಮ ಹಳೆಯ ಮಾದರಿಯ ಸಾಮಾನ್ಯ ಸ್ಲೀಪರ್ ಬೋಗಿ ಸುಮಾರು ಇಪ್ಪತ್ತೊಂದು ಮೀಟರ್ ಉದ್ದ, ಮೂರೂಕಾಲು ಮೀಟರ್ ಅಗಲದ ಪೆಟ್ಟಿಗೆ. ಅದರಲ್ಲಿ 72 ಜನ ಮಲಗುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಅಗಲ-ಉದ್ದದ ಪೆಟ್ಟಿಗೆಯಲ್ಲಿ ಇಲ್ಲಿ ಮಲಗುವವರು ಎಂಟು ಮಂದಿ. ಹಳಿಯ ಅಗಲ ಮಹಾರಾಜನಿಗೂ ಬದಲಾಗುವುದಿಲ್ಲ, ಸುರಂಗದ ಎತ್ತರವೂ ಬದಲಾಗುವುದಿಲ್ಲ. ಹಾಗಾಗಿ ರೈಲಿನಲ್ಲಿ ರಾಜತನ ಎಂದರೆ ಪಕ್ಕದಲ್ಲಿ ಇನ್ನೊಬ್ಬ ಇಲ್ಲದಿರುವುದು. ಕಿಟಕಿಯಿಂದ ಕಾಣುವ ಹೊಲ ಇಬ್ಬರಿಗೂ ಒಂದೇ.

ಇನ್ನು ನೀರಿನ ಮೇಲಿನದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಬೀಜ-ಗೊಬ್ಬರದ ಅಂಗಡಿಕಾರರಿಗೆ ವಿದೇಶ ಹೊಸದಲ್ಲ. ಇಷ್ಟು ಮಾಲು ಎತ್ತಿದರೆ ಇಂಥ ದೇಶದ ಟೂರು ಎಂದು ಕಂಪನಿಗಳು ಆಸೆ ಹಚ್ಚುತ್ತವೆ. ಮೊದಲು ಬ್ಯಾಂಕಾಕ್ ಇತ್ತು, ಈಗ ವಿಯೆಟ್ನಾಂ. ಹೀಗೆ ಹೋಗಿ ಬಂದ ಪರಿಚಯದ ಅಂಗಡಿಕಾರರೊಬ್ಬರು ಗಲ್ಲಾದ ಮುಂದೆ ಕೂತು ಮೊಬೈಲು ತಿರುವಿ ತೋರಿಸಿದರು.

'ನೋಡ್ರಿ ಸರ, ಹಡಗಿನ್ಯಾಗ ನಮಗ ಕೊಟ್ಟ ಖೋಲಿ. ರಾಜರ ಖೋಲಿ ಅಂತ್ರಿ ಇದು.'

'ಯಾವ ರಾಜರ್ರೀ?'

'ಅದ್ಯಾಂವ ನೆನಪ ಇಟಗೋತಾನ್ರಿ! ಅಲ್ಲಿ ರಾಜ ಇದ್ನಂತ. ಸ್ನಾನದ ಟಬ್ಬಿಗೂ ಕಿಟಕಿ ಇಟ್ಟಾರ ನೋಡ್ರಿ.'

ಫೋಟೊದಲ್ಲಿ ಮಂಚದ ತಲೆದೆಸೆಗೆ ಕೆಂಪು ಹಲಗೆ, ಅದರ ಮೇಲೆ ಬಂಗಾರದ ಬಣ್ಣದ ಡ್ರ್ಯಾಗನ್. ಹಳದಿ ದಿಂಬು. ಕರಿ-ಬಿಳಿ ಚೌಕಳಿಯ ನೆಲ. ಗೋಡೆಯ ಮೇಲೆ ಪಾಶ್ಚಾತ್ಯ ಸೂಟು ತೊಟ್ಟ ಯುವಕನೊಬ್ಬನ ಹಳೆಯ ಚಿತ್ರ. ಕಿಟಕಿಯಾಚೆ ಹಸಿರು ನೀರಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗುಡ್ಡ. ಅದು ಹಾ ಲಾಂಗ್ ಕೊಲ್ಲಿ. ಹನೋಯಿಯಿಂದ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಎರಡೂವರೆ ತಾಸಿನ ದಾರಿ. 1,500 ಚದರ ಕಿಲೋಮೀಟರಿಗೂ ಮಿಕ್ಕಿದ ನೀರು, ಅದರಲ್ಲಿ ಎರಡು ಸಾವಿರದ ಹತ್ತಿರ ದ್ವೀಪಗಳು. 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, 2023ರಲ್ಲಿ ಪಕ್ಕದ ಕಾತ್ ಬಾ ದ್ವೀಪಸಮೂಹವನ್ನೂ ಸೇರಿಸಿಕೊಂಡಿತು. ಮಧ್ಯಾಹ್ನ ಹಡಗು ಹತ್ತಿಸಿ, ಊಟ ಹಾಕಿ, ಗವಿ ತೋರಿಸಿ, ಸಂಜೆ ಗೊತ್ತುಪಡಿಸಿದ ಜಾಗದಲ್ಲಿ ಲಂಗರು ಹಾಕಿ, ಬೆಳಿಗ್ಗೆ ಇನ್ನೊಂದು ಸುತ್ತು ಹೊಡೆಸಿ ದಡಕ್ಕೆ ಬಿಡುತ್ತಾರೆ. ಒಂದು ರಾತ್ರಿಯ ಈ ಪ್ರವಾಸವೇ ಅಲ್ಲಿಯ ದೊಡ್ಡ ಉದ್ಯಮ. 2024ರಲ್ಲಿ ಸುಮಾರು 5 ಲಕ್ಷ ಭಾರತೀಯರು ವಿಯೆಟ್ನಾಮಿಗೆ ಹೋದರು. ಕೊರೊನಾಕ್ಕೆ ಮೊದಲು, 2019ರಲ್ಲಿ, ಎರಡು ಲಕ್ಷವೂ ಇರಲಿಲ್ಲ.

ಸೂಟಿನ ಯುವಕ ಬಾವೊ ದಾಯ್, ವಿಯೆಟ್ನಾಮಿನ ಕೊನೆಯ ಚಕ್ರವರ್ತಿ. 1802ರಲ್ಲಿ ಗಿಯಾ ಲಾಂಗ್ ಕಟ್ಟಿದ ನ್ಗುಯೆನ್ ಮನೆತನದ ಹದಿಮೂರನೆಯವನು. ಫ್ರಾನ್ಸಿನಲ್ಲಿ ಓದಿದವನು, ಕಾರು, ಬೇಟೆ, ವಿಹಾರ ನೌಕೆಗಳ ಮೋಜುಗಾರ. 1945ರ ಆಗಸ್ಟ್ 30ರಂದು ರಾಜಧಾನಿ ಹುಯೆಯ ದಕ್ಷಿಣ ಬಾಗಿಲಿನಲ್ಲಿ ನಿಂತು ಮುದ್ರೆಯನ್ನೂ ಖಡ್ಗವನ್ನೂ ಹೊಸ ಸರ್ಕಾರದವರ ಕೈಗೆ ಕೊಟ್ಟ. 1997ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡ. ಹಾ ಲಾಂಗಿನಲ್ಲಿ ಎಂಪರರ್ ಕ್ರೂಸಸ್ ಎಂಬ ಕಂಪನಿ ಇವನ ಬದುಕಿನ ಶೈಲಿಯನ್ನೇ ಹಡಗಿನ ಒಳಾಂಗಣಕ್ಕೆ ಆಧಾರ ಮಾಡಿಕೊಂಡಿದೆ.

ಇಲ್ಲಿ ನನಗೆ ಒಂದು ವಿಚಿತ್ರ ಕಾಣುತ್ತದೆ. ಡ್ರ್ಯಾಗನ್ನಿನ ಪಕ್ಕದಲ್ಲಿ ಫ್ರೆಂಚ್ ಸೋಫಾ, ಬಂಗಾರದ ಮಂಚದ ಪಕ್ಕದಲ್ಲಿ ಪಿಂಗಾಣಿಯ ಟಬ್ಬು ಕಂಡಾಗ ಇದು ಪ್ರವಾಸಿಗನ ಕಣ್ಣಿಗೆ ಮಣ್ಣೆರಚುವ ಕಲಬೆರಕೆ ಎಂದೇ ಅನಿಸುತ್ತದೆ. ಹುಯೆಯ ಇತಿಹಾಸ ತೆಗೆದು ನೋಡಿದರೆ ಕಲಬೆರಕೆ ಅರಮನೆಯಲ್ಲೇ ಇತ್ತು. ಬಾವೊ ದಾಯ್‌ನ ತಂದೆ ಖಾಯ್ ದಿನ್ 1920ರ ದಶಕದ ಆರಂಭದಲ್ಲಿ ಅರಮನೆಯ ಒಳಕೋಟೆಯಲ್ಲೇ ಕಟ್ಟಿಸಿದ ಕಿಯೆನ್ ಚುಂಗ್ ಮಹಲು ಅರ್ಧ ಯುರೋಪು, ಅರ್ಧ ವಿಯೆಟ್ನಾಂ; ಹೊರಗೋಡೆಗೆಲ್ಲ ಪಿಂಗಾಣಿ ಚೂರುಗಳ ಚಿತ್ತಾರ. ಬಾವೊ ದಾಯ್ ತನ್ನ ರಾಣಿಯೊಂದಿಗೆ ವಾಸ ಮಾಡಿದ್ದು ಅಲ್ಲೇ. 1947ರ ಯುದ್ಧದಲ್ಲಿ ನೆಲಸಮವಾದ ಆ ಮಹಲನ್ನು ಮತ್ತೆ ಎಬ್ಬಿಸಿ 2024ರಲ್ಲಿ ಜನರಿಗೆ ತೆರೆದಿದ್ದಾರೆ. ಖಾಯ್ ದಿನ್‌ನ ಸಮಾಧಿಯ ಗೋಡೆಗಳಂತೂ ಒಡೆದ ಪಿಂಗಾಣಿ, ಗಾಜಿನ ಚೂರುಗಳಿಂದಲೇ ಮಿನುಗುತ್ತವೆ. ಅಂದರೆ ಟಬ್ಬಿನ ಪಕ್ಕ ಡ್ರ್ಯಾಗನ್ ಇಟ್ಟ ಹಡಗಿನವನು ಬಾವೊ ದಾಯ್ ವಿಷಯದಲ್ಲಿ ಸುಳ್ಳೇನೂ ಹೇಳಿಲ್ಲ. ಆ ಅರಸ ಬದುಕಿದ್ದೇ ಹಾಗೆ.

ನಮ್ಮ ಹೊಯ್ಸಳ ಬೋಗಿಯ ಕತೆ ಬೇರೆ. ಹೊಯ್ಸಳ ಅರಸ ಎಂಥ ಮಂಚದ ಮೇಲೆ ಮಲಗುತ್ತಿದ್ದ ಎಂದು ತೋರಿಸಲು ನಮ್ಮ ಹತ್ತಿರ ಮಂಚವೂ ಇಲ್ಲ, ಮಂಚ ಇಟ್ಟ ಕೋಣೆಯೂ ಇಲ್ಲ. ಕರ್ನಾಟಕದ ಅರಸರು ದೇವರಿಗೆ ಕಲ್ಲಿನಲ್ಲಿ ಕಟ್ಟಿದರು, ತಮಗೆ ಹೆಚ್ಚಾಗಿ ಮರ-ಮಣ್ಣು-ಗಾರೆಯಲ್ಲಿ ಕಟ್ಟಿಕೊಂಡರು. ಹಳೇಬೀಡಿನಲ್ಲಿ ಉಳಿದದ್ದು ಗುಡಿ, ಬಸದಿ; ಅರಮನೆ ಮಣ್ಣಾಗಿದೆ. ಹಂಪಿಯಲ್ಲಿ ಅರಮನೆಗಳ ಕಲ್ಲಿನ ತಳಪಾಯ ಮಾತ್ರ ಇದೆ. ಕಿತ್ತೂರಿನ ಕೋಟೆಯೊಳಗೆ ನಿಂತರೂ ಕಾಣುವುದು ಮೊಳಕಾಲೆತ್ತರದ, ಆಳೆತ್ತರದ ಗೋಡೆಗಳು, ಸ್ನಾನದ ಕೋಣೆಗಳ ಗುರುತು. ಆದ್ದರಿಂದ ಒಳಾಂಗಣ ಮಾಡುವವರು ಹೋಗುವುದು ದೇವಸ್ಥಾನಕ್ಕೆ. ಅಲ್ಲಿಯ ಕಂಬ, ಕಮಾನು, ಬಳ್ಳಿ, ಹಂಸದ ಸಾಲು ತಂದು ಮಲಗುವ ಕೋಣೆಯ ಬಾಗಿಲಿಗೆ ಕೂಡಿಸುತ್ತಾರೆ. ದೇವರ ನವರಂಗ ನಮ್ಮ ಬೆಡ್‌ರೂಮ್ ಆಗುತ್ತದೆ. ಇದರಲ್ಲಿ ಪಾಪವೇನಿಲ್ಲ, ಆದರೆ ಅದನ್ನು ಅರಮನೆಯ ಶೈಲಿ ಎಂದು ಕರೆಯುವಾಗ ಸ್ವಲ್ಪ ನಗು ಬರಬೇಕು.

ನಿಜವಾದ ಅರಮನೆಯ ಸುಳಿವು ಬೇಕೆಂದರೆ ಅದು ಶಿಲ್ಪದಲ್ಲಿಲ್ಲ, ಬರಹದಲ್ಲಿದೆ. ಕೃಷ್ಣದೇವರಾಯನ ಕಾಲಕ್ಕೆ, 1520ರ ಸುಮಾರಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಅರಮನೆಯ ಒಳಗನ್ನು ಕಂಡು ಬರೆದಿದ್ದಾನೆ. ನೆಲದಿಂದ ಮಾಡಿನವರೆಗೆ ದಂತದಿಂದಲೇ ಮಾಡಿದ ಕೋಣೆ, ಕಂಬದ ತುದಿಯಲ್ಲಿ ದಂತದ ಗುಲಾಬಿ ಮತ್ತು ಕಮಲ. ಬೆಳ್ಳಿಯ ಸರಪಳಿಗಳಿಗೆ ತೂಗುಹಾಕಿದ ಮಂಚ. ತೂಗುಮಂಚ ಎಂದರೆ ನಮ್ಮ ಕಡೆಯ ದೊಡ್ಡ ವಾಡೆಗಳಲ್ಲಿ ಈಗಲೂ ಇರುವ ಸಾಮಾನು. ಓಡುವ ರೈಲಿನಲ್ಲಿ ತೂಗುಮಂಚ ಹಾಕಿದರೆ ರಾಜಯೋಗಕ್ಕಿಂತ ವಾಂತಿಯೋಗವೇ ಮೊದಲು ಬಂದೀತು, ಅದು ಬಿಡಿ. ದಂತಕ್ಕೂ ಇಂದು ಕಾಯ್ದೆ ಅಡ್ಡ. ಮೈಸೂರಿನ ಬೀಟೆಮರದ ಕೂಡಿಸುವ ಕೆಲಸಕ್ಕೆ ಹಿಂದೆ ದಂತ ಬಳಸುತ್ತಿದ್ದರು, ಈಗ ಬೇರೆ ಬೇರೆ ಬಣ್ಣದ ಮರದ ಚೂರು ಮತ್ತು ಪ್ಲಾಸ್ಟಿಕ್ ಆ ಜಾಗ ಹಿಡಿದಿವೆ.

ವಿಯೆಟ್ನಾಮಿನ ಅರಮನೆಗಳೂ ಮರದವೇ. ಆದರೆ ಅವು ತೀರ ಇತ್ತೀಚಿನವು, ಅವುಗಳ ಫೋಟೊಗಳಿವೆ, ಕೆಲಸಗಾರರ ಪರಂಪರೆ ಕಡಿದುಹೋಗಿಲ್ಲ. ಫೋಟೊದಲ್ಲಿ ಕಂಡ ಆ ಕೆಂಪು-ಬಂಗಾರದ ಹಲಗೆಯ ಕೆಲಸವನ್ನೇ ನೋಡಿ. ಅದರ ಲೇಪ ಒಂದು ಮರದ ಹಾಲು. ಉತ್ತರದ ಗುಡ್ಡಗಾಡಿನಲ್ಲಿ, ಮುಖ್ಯವಾಗಿ ಫೂ ಥೋ ಸೀಮೆಯಲ್ಲಿ, ಮರದ ತೊಗಟೆಗೆ ಗೀರು ಹಾಕಿ ಹಾಲು ಇಳಿಸುತ್ತಾರೆ. ನಮ್ಮ ಚನ್ನಪಟ್ಟಣದ ಗೊಂಬೆಯ ಅರಗು ಹುಳದಿಂದ ಬರುವಂಥದ್ದು, ತಿರುಗುವ ಮರಕ್ಕೆ ಒತ್ತಿದರೆ ಕಾವಿಗೆ ಕರಗಿ ಹತ್ತಿಕೊಳ್ಳುತ್ತದೆ, ಕ್ಷಣದಲ್ಲಿ ಕೆಲಸ ಮುಗಿಯಿತು. ವಿಯೆಟ್ನಾಮಿನ ಮರದ ಹಾಲಿಗೆ ಅಂಥ ಅವಸರ ಆಗಿಬರುವುದಿಲ್ಲ. ಹಲಗೆಗೆ ಬಟ್ಟೆ ಅಂಟಿಸಿ, ಒಂದು ಕೈ ಬಳಿದು, ಒಣಗಿದ ಮೇಲೆ ನೀರು ಹಾಕಿ ತಿಕ್ಕಿ, ಮತ್ತೊಂದು ಕೈ. ಹೀಗೆ ಹತ್ತಾರು ಪದರ. ಸೋಜಿಗವೆಂದರೆ ಅದು ಬಿಸಿಲಿಗೆ ಇಟ್ಟರೆ ಗಟ್ಟಿಯಾಗುವುದಿಲ್ಲ. ತೇವದ ಗಾಳಿ ಬೇಕು. ಮಳೆಗಾಲದಲ್ಲಿ ಚೆನ್ನಾಗಿ ಒಣಗುವ ಬಣ್ಣ! ಕೊನೆಗೆ ಬಂಗಾರದ ರೇಕು. ಕಡಲ ಉಪ್ಪುಗಾಳಿಯ ಹಡಗಿಗೆ ಇದಕ್ಕಿಂತ ಒಪ್ಪುವ ಲೇಪ ಇನ್ನೊಂದಿಲ್ಲ. ಇದರ ಜೊತೆಗೆ ಕಪ್ಪೆಚಿಪ್ಪಿನ ಹೊಳಪು ಚೂರುಗಳನ್ನು ಕಪ್ಪು ಮರದಲ್ಲಿ ಕೂಡಿಸುವ ಕೆಲಸವಿದೆ, ತಾಮ್ರದ ಮೇಲೆ ಬಣ್ಣದ ಗಾಜು ಕಾಯಿಸಿ ಕೂಡಿಸುವ ಮೀನಾಕಾರಿಯಂಥ ಕೆಲಸವೂ ಇದೆ. ಹಿಂದೆ ಇದಕ್ಕೆಲ್ಲ ಕಟ್ಟುಪಾಡುಗಳಿದ್ದವು. ಚಕ್ರವರ್ತಿಯ ಡ್ರ್ಯಾಗನ್ನಿಗೆ ಐದು ಉಗುರು. ಹೊಂಬಣ್ಣದ ಹಳದಿ ಅವನೊಬ್ಬನ ಬಣ್ಣ. ಈಗ ಆ ಹಳದಿ ದಿಂಬಿಗೆ ಒರಗಿ ನಮ್ಮ ಗೊಬ್ಬರದ ಅಂಗಡಿಕಾರರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಚಕ್ರವರ್ತಿ ಪದ್ಧತಿ ಹೋದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಡಗಿನ ಮೇಲೆ ಯಾವ ಅರಸ ಹತ್ತಿಲ್ಲ ಎಂದು ಕೇಳಿದರೆ ಅಲ್ಲಿಯೂ ಒಬ್ಬ ರಟ್ಟ ಸಿಗುತ್ತಾನೆ. ಇಂದಿನ ವಿಯೆಟ್ನಾಮಿನ ನಡುಭಾಗದಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಆಳಿದ್ದು ಚಂಪಾ ರಾಜ್ಯ. ಭದ್ರವರ್ಮ, ಇಂದ್ರವರ್ಮ ಎಂಬ ಹೆಸರಿನ ಅರಸರು, ಸಂಸ್ಕೃತದ ಶಾಸನಗಳು, ಇಟ್ಟಿಗೆಯ ಶಿವಾಲಯಗಳು. ಅವರ ವಿಜಯ ಎಂಬ ರಾಜಧಾನಿ 1471ರಲ್ಲಿ ಉತ್ತರದ ವಿಯೆಟ್ ದೊರೆಯ ಕೈಗೆ ಬಿತ್ತು. ಅವರ ಮೀ ಸನ್ ದೇಗುಲ ಸಮೂಹದಲ್ಲಿ 2017ರಿಂದ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಜೀರ್ಣೋದ್ಧಾರ ಮಾಡಿದರು. 2020ರಲ್ಲಿ ಮರಳುಗಲ್ಲಿನ ದೊಡ್ಡ ಏಕಶಿಲಾ ಶಿವಲಿಂಗವೊಂದು ಅಲ್ಲಿ ಸಿಕ್ಕಿತು. ಕಲ್ಲೋಳಿಯಿಂದ ಹೋದವನಿಗೆ ಡ್ರ್ಯಾಗನ್ನಿಗಿಂತ ಇದು ಹೆಚ್ಚು ಪರಿಚಿತವಾಗಿ ಕಂಡೀತು. 'ವಿಯೆಟ್ನಾಮಿನ ರಾಜಪರಂಪರೆ' ಎಂದು ಹಡಗಿನವರು ಹೇಳುವಾಗ ಮಾತ್ರ ಅದರಲ್ಲಿ ಹುಯೆ ಇರುತ್ತದೆ, ಚಂಪಾ ಇರುವುದಿಲ್ಲ. ಸೋತವರ ಶೈಲಿ ಮಂಚಕ್ಕೆ ಏರುವುದು ಕಷ್ಟ.

ಅರಸರನ್ನೇ ಬಿಟ್ಟ ಹಡಗೂ ಅಲ್ಲಿದೆ. ಹಾಯ್‌ಫಾಂಗಿನ ಬಾಕ್ ಥಾಯ್ ಬುಯಿ ಎಂಬ ಹಡಗು ಉದ್ಯಮಿ, ಫ್ರೆಂಚ್ ಮತ್ತು ಚೀನೀ ಕಂಪನಿಗಳಿಗೆ ಪೈಪೋಟಿ ಕೊಟ್ಟು 1919ರಲ್ಲಿ ಬಿನ್ ಚುವಾನ್ ಎಂಬ ತನ್ನದೇ ಹಡಗು ನೀರಿಗಿಳಿಸಿದ್ದ. ಸರಿಯಾಗಿ ನೂರು ವರ್ಷಕ್ಕೆ, 2019ರಲ್ಲಿ, ಅದೇ ಹೆಸರಿನಲ್ಲಿ ಒಂದು ಐಷಾರಾಮಿ ಕ್ರೂಸ್ ಹೊರಟಿತು. ನನಗೆ ಚಕ್ರವರ್ತಿಯ ಹಡಗಿಗಿಂತ ಈ ವ್ಯಾಪಾರಸ್ಥನ ಹಡಗಿನ ಕಲ್ಪನೆ ಹೆಚ್ಚು ಹಿಡಿಸಿತು. ಹತ್ತೊಂಬತ್ತನೇ ಶತಮಾನದಲ್ಲೇ ಜಲಪಾತದ ನೀರಿನ ಬಲವನ್ನು ದುಡಿಸಿಕೊಂಡ ಗೋಕಾಕ ಮಿಲ್ಲಿನ ಊರಿನವರಿಗೆ ಅದು ಹಿಡಿಸದೆ ಇನ್ಯಾರಿಗೆ ಹಿಡಿಸಬೇಕು?

ಹಡಗಾಗಲಿ ರೈಲಾಗಲಿ, ಒಳಾಂಗಣದ ಕೊನೆಯ ಮಾತು ಅರಸನದ್ದಲ್ಲ. ತೂಕ ಮತ್ತು ಬೆಂಕಿಯದ್ದು. ಬೋಗಿಯ ಅಚ್ಚು ಇಂತಿಷ್ಟೇ ಭಾರ ಹೊರಬೇಕೆಂಬ ಮಿತಿ ಇದೆ, ಆದ್ದರಿಂದ ಓಡುವ ಅರಮನೆಯ ಕಲ್ಲುಕಂಬದಲ್ಲಿ ಕಲ್ಲಿರಲು ಸಾಧ್ಯವಿಲ್ಲ. ಹಡಗಿನಲ್ಲಿ ಮೇಲಂತಸ್ತು ಭಾರವಾದಷ್ಟೂ ಮಗುಚುವ ಅಪಾಯ ಹೆಚ್ಚು. ಎರಡೂ ಕಡೆ ಸುಲಭಕ್ಕೆ ಹೊತ್ತಿಕೊಳ್ಳುವ ಮರ, ಬಟ್ಟೆ, ಫೋಮು ಸಲ್ಲ. ಹೀಗಾಗಿ ಘನ ಸಾಗವಾನಿಯಂತೆ ಕಾಣುವುದು ಹಲವು ಸಲ ಹಲಗೆಯ ಮೇಲೆ ಅಂಟಿಸಿದ ಕೂದಲೆಳೆ ದಪ್ಪದ ಪದರ. ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು ನೋಡಿದರೆ ಸದ್ದೇ ಹೇಳುತ್ತದೆ.

ಹಾ ಲಾಂಗ್ ಈ ಪಾಠವನ್ನು ಜೀವ ತೆತ್ತು ಕಲಿತಿದೆ. 2011ರ ಫೆಬ್ರುವರಿಯಲ್ಲಿ ರಾತ್ರಿ ಲಂಗರು ಹಾಕಿದ್ದ ಪ್ರವಾಸಿ ಹಡಗು ಬೆಳಗಿನ ಜಾವ ಮುಳುಗಿ 12 ಜನ ಮಲಗಿದಲ್ಲೇ ಸತ್ತರು. 2024ರ ಸೆಪ್ಟೆಂಬರಿನ ಯಾಗಿ ಚಂಡಮಾರುತ ಹಲವಾರು ದೋಣಿಗಳನ್ನು ಮುಳುಗಿಸಿತು. 2025ರ ಜುಲೈ 19ರಂದು ಹಠಾತ್ ಬಿರುಗಾಳಿಗೆ ಹಗಲು ಪ್ರವಾಸದ ಹಡಗೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಹಳೆಯ ಮರದ ದೋಣಿಗಳ ಜಾಗಕ್ಕೆ ಉಕ್ಕಿನ ಮೈಯ ಹಡಗುಗಳು ಬರುತ್ತಿರುವುದು, ಹವಾಮಾನದ ಎಚ್ಚರಿಕೆ ಬಂದರೆ ಬಂದರಿನವರು ರಾತ್ರಿ ವಾಸವನ್ನೇ ರದ್ದು ಮಾಡುವುದು ಇದರಿಂದಲೇ. ಹೋಗುವವರು ಮಂಚದ ಕೆತ್ತನೆ ನೋಡುವ ಮೊದಲು ಜೀವರಕ್ಷಕ ಜಾಕೀಟು ಎಲ್ಲಿದೆ, ರದ್ದಾದರೆ ದುಡ್ಡು ಎಷ್ಟು ವಾಪಸು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಗಾಳಿ-ಮಳೆಯ ಕಾಲ. ಸಸ್ಯಾಹಾರಿಗಳು ಮೊದಲೇ ಬಾಯಿಬಿಟ್ಟು ಹೇಳಬೇಕು, ತರಕಾರಿಯ ಪಲ್ಯಕ್ಕೂ ಮೀನಿನ ಸಾರ ಹನಿಸುವ ಅಡುಗೆ ಅವರದು. ಬೌದ್ಧರ ಉಪವಾಸದ ದಿನಗಳ ಶುದ್ಧ ಶಾಕಾಹಾರ ಪದ್ಧತಿ ಅವರಲ್ಲೂ ಇದೆ, ಕೇಳಿದರೆ ಮಾಡಿಕೊಡುತ್ತಾರೆ. ನಮ್ಮ ಅಂಗಡಿಕಾರರು ಶೇಂಗಾ ಹಿಂಡಿ, ಕಡಕ್ ರೊಟ್ಟಿಯ ಗಂಟು ಒಯ್ದಿದ್ದರಂತೆ. ಚಕ್ರವರ್ತಿಯ ಮೇಜಿನ ಮೇಲೆ ಅದೇ ಮೊದಲು ಖಾಲಿಯಾಯಿತು ಎಂದರು.

ಆ ನೀರಿನ ಮೇಲೆ ಮೊದಲು ಮಲಗುತ್ತಿದ್ದವರು ಬೇರೆ ಜನ. ಕುವಾ ವಾನ್, ವುಂಗ್ ವಿಯೆಂಗ್ ಎಂಬ ತೇಲುವ ಹಳ್ಳಿಗಳಲ್ಲಿ ಮೀನುಗಾರರು ತಲೆಮಾರುಗಳಿಂದ ದೋಣಿಮನೆಗಳಲ್ಲಿದ್ದರು. 2014ರಲ್ಲಿ ಸರ್ಕಾರ ಅವರನ್ನು ದಡದ ಮೇಲೆ ಮನೆ ಕಟ್ಟಿಕೊಟ್ಟು ಸಾಗಿಸಿತು. ಕೊಲ್ಲಿಯ ನೀರಿನ ಶುದ್ಧಿ, ಮಕ್ಕಳ ಶಾಲೆ, ಚಂಡಮಾರುತದ ಭಯ, ಕಾರಣಗಳು ಸುಳ್ಳಲ್ಲ. ಈಗ ಅಲ್ಲಿ ರಾತ್ರಿ ಕಳೆಯುವವರು ಬಹುತೇಕ ಪ್ರವಾಸಿಗರು. ಹುಕ್ಕೇರಿ ತಾಲೂಕಿನವರಿಗೆ ನೀರಿಗಾಗಿ ಊರು ಬಿಡುವುದೇನೆಂದು ಬಿಡಿಸಿ ಹೇಳಬೇಕಿಲ್ಲ. ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಹುನ್ನೂರಿನ ವಿಠ್ಠಲ ಮಂದಿರ ಮೇಲೆದ್ದು ಬರುತ್ತದೆ, ಜನ ಗಾಡಿ ಮಾಡಿಕೊಂಡು ನೋಡಲು ಹೋಗುತ್ತಾರೆ, ಮಳೆ ಬಂದರೆ ಅದು ಮತ್ತೆ ಒಳಗೆ.

ನಿಜವಾದ ಅರಸೊತ್ತಿಗೆಯ ಪ್ರಯಾಣ ಹೇಗಿತ್ತು ಎಂಬುದನ್ನು ನೋಡಲು ವಿಯೆಟ್ನಾಂ ಬೇಡ, ನಾಲ್ಕು ಲಕ್ಷವೂ ಬೇಡ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ನಿಂತಿದೆ. ಮಲಗುವ ಕೋಣೆ, ಶೌಚಾಲಯ, ಅಡುಗೆಮನೆ, ಊಟದ ಜಾಗ ಎಲ್ಲ ಸೇರಿದ ಗಾಡಿ. ನೋಡಿದರೆ ಆಶ್ಚರ್ಯವಾಗುವಷ್ಟು ಸರಳ. ಗುಡಿಯ ಕಂಬವಿಲ್ಲ, ಹಂಸವಿಲ್ಲ, ಬಳ್ಳಿಯಿಲ್ಲ. ರಾಣಿಗೆ ತಾನು ರಾಣಿ ಎಂದು ಗೋಡೆ ನೆನಪಿಸಬೇಕಾದ ಅಗತ್ಯ ಇರಲಿಲ್ಲ. ಆ ಅಗತ್ಯ ಇರುವುದು ನಮಗೆ. 1982ರ ಜನವರಿ 26ರಂದು ರಾಜಸ್ಥಾನದ ಪ್ಯಾಲೇಸ್ ಆನ್ ವೀಲ್ಸ್ ಹೊರಟಾಗ ಅದರಲ್ಲಿ ಬಳಸಿದ್ದು ಸಂಸ್ಥಾನಿಕರ ಹಳೆಯ ಸಲೂನ್‌ಗಳನ್ನೇ. ಅವು ಹಳತಾಗಿ ಹೊಸ ಗಾಡಿ ಬಂದ ಮೇಲೆ ರಾಜತನವನ್ನು ಗೋಡೆಗೆ ಬಳಿಯಬೇಕಾಯಿತು. ಗೋಲ್ಡನ್ ಚಾರಿಯಟ್ ಹುಟ್ಟಿದ್ದೇ ಆ ಎರಡನೇ ಹಂತದಲ್ಲಿ.

ನಮ್ಮ ಭಾಗಕ್ಕೂ ಅರಸಿಯ ಹೆಸರಿನ ರಾತ್ರಿ ರೈಲು ಒಂದಿದೆ ಎನ್ನುವುದನ್ನು ಮರೆಯಬಾರದು. ರಾತ್ರಿ ಬೆಂಗಳೂರು ಬಿಟ್ಟು ಮರುದಿನ ಬೆಳಗಾವಿ, ಘಟಪ್ರಭಾ ದಾಟಿ ಮಿರಜದ ಕಡೆ ಹೋಗುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ಒತ್ತೊತ್ತಾಗಿ ಜೋಡಿಸಿದ ಮಂಚ, ನೀಲಿ ರೆಕ್ಸಿನ್, ಫ್ಯಾನಿನ ಮೇಲೆ ಚಪ್ಪಲಿ. 1824ರಲ್ಲಿ ಕಂಪನಿ ಸರ್ಕಾರವನ್ನು ಎದುರಿಸಿದ ರಾಣಿಯ ಹೆಸರಿಗೆ ತಕ್ಕಂಥದ್ದು ಅದರ ಒಳಗೆ ಏನೂ ಇಲ್ಲ. ಹಬ್ಬದ ಮುನ್ನಾದಿನ ಅದರಲ್ಲಿ ಜಾಗ ಹಿಡಿಯುವುದನ್ನು ಕದನ ಎಂದು ಬೇಕಾದರೆ ಕರೆಯಬಹುದು.

ರಟ್ಟರಿಗೆ ಒಂದು ಬೋಗಿ ಮಾಡುವುದೇ ಆದರೆ ಒಳಗೆ ಏನಿಡಬೇಕು? ಅವರ ಅರಮನೆ ಉಳಿದಿಲ್ಲ. ಉಳಿದದ್ದು ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿ. ಕಲ್ಲೋಳಿಯ ಶಾಸನದ ವರ್ಷವೇ, 1204ರಲ್ಲೇ, ಅದೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ಒಳಗೆ ಹೋಗಿ ತಲೆಯೆತ್ತಿದರೆ ಮಂಟಪದ ನಡುವಿನಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಇಳಿಬಿದ್ದಿದೆ. ಸುತ್ತುಸುತ್ತಾಗಿ ಎಸಳು, ಎಸಳುಗಳಲ್ಲಿ 72 ತೀರ್ಥಂಕರರು: ಹಿಂದಿನ ಕಾಲದ 24, ಈಗಿನ 24, ಮುಂದಿನ 24. ಎಸಳಿನ ಅಂಚು ಎಷ್ಟು ತೆಳ್ಳಗಿದೆಯೆಂದರೆ ಇಷ್ಟು ಭಾರದ ಕಲ್ಲು ಮೇಲಿಂದ ತೂಗುತ್ತಿದೆ ಎಂದು ಕಣ್ಣು ಸುಲಭಕ್ಕೆ ಒಪ್ಪುವುದಿಲ್ಲ. ದೇವರನ್ನು ಬೆಡ್‌ರೂಮಿಗೆ ತರುವ ತಪ್ಪನ್ನೇ ನಾನೂ ಮಾಡುತ್ತಿದ್ದೇನೆ ಎನ್ನಬಹುದು. ತೀರ್ಥಂಕರರನ್ನು ಬಸದಿಯಲ್ಲೇ ಬಿಟ್ಟು, ಬರಿ ಎಸಳಿನ ಸುತ್ತುಗಳನ್ನು ಊಟದ ಬೋಗಿಯ ದೀಪಕ್ಕೆ ಒಯ್ದರೆ ಯಾರ ಭಾವನೆಗೂ ಪೆಟ್ಟಿಲ್ಲ.

ಅದನ್ನು ಮಾಡುವವರು ಎಲ್ಲಿ ಎಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗೋಕಾಕದ ಗೊಂಬೆ ಮಾಡುವವರು ಹಗುರ ಮರ ಕೆತ್ತಿ, ಲೇಪ ಕೊಟ್ಟು, ಬಣ್ಣ ಹಚ್ಚಿ ಮಾಡಿದ ಬಾಳೆಹಣ್ಣು, ಬದನೆಕಾಯಿ, ಗಿಳಿಗಳನ್ನು ಕೈಗೆತ್ತಿಕೊಂಡವರಿಗೆ ಮೊದಲು ತಿಳಿಯುವುದು ಅವುಗಳ ತೂಕ. ತೂಕವೇ ಇರುವುದಿಲ್ಲ. ಓಡುವ ಅರಮನೆಗೂ ತೇಲುವ ಅರಮನೆಗೂ ಬೇಕಾದದ್ದು ಅಂಥ ಮರದ ಕೆಲಸವೇ. ಬೆಂಕಿ ಹತ್ತದ ಲೇಪ ಕಲಿಸುವುದೊಂದು ಬಾಕಿ, ಅದನ್ನು ಕಲಿಸುವವರು ಪೇಟೆಯಲ್ಲಿ ಸಿಗುತ್ತಾರೆ.